ಎರಡು ಗುಂಟೆ, ಹನ್ನೆರಡು ಮಡಿ: ತರಕಾರಿ ಬೇಸಾಯ ಕಲಿಯುವ ಮೊದಲ ವರ್ಷ

ಮಿರ್ಗದ (ಮೃಗಶಿರಾ) ಮಳೆ ಬೀಳುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತವೆ. "ಅಣ್ಣಾ, ಒಂದ್ ಎಕರೆ ಐತಿ, ಬೋರ್ ಐತಿ. ಈ ಸಲ ತರಕಾರಿ ಹಾಕೋಣಂತ ಮಾಡೀನಿ. ಏನ್ ಹಾಕ್ಲಿ?" ಕೇಳುವವರು ಹೆಚ್ಚಾಗಿ ಮೂವತ್ತರ ಆಚೀಚೆಯವರು. ಕೆಲವರು ಹುಬ್ಬಳ್ಳಿಯಲ್ಲಿ ಪಗಾರದ ಕೆಲಸ ಬಿಟ್ಟು ಊರಿಗೆ ಬಂದವರು. ಕೆಲವರು ಗೋವಿನಜೋಳ, ಹತ್ತಿ ಹಾಕಿ ಹಾಕಿ ಬೇಸತ್ತವರು. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಒಂದು ಎಕರೆ ಬೇಡ, ಮೊದಲ ವರ್ಷ ಎರಡು ಗುಂಟೆ ಸಾಕು. ಉಳಿದ ಹೊಲದಲ್ಲಿ ಮನೆಯವರು ಏನು ಬೆಳೆಯುತ್ತಿದ್ದಾರೋ ಅದೇ ಇರಲಿ.

ಇದು ಅನುಭವದಿಂದ ಬಂದ ಮಾತು. ನನ್ನದು ಧಾರವಾಡದ ಪೂರ್ವಕ್ಕೆ ಇರುವ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಮೊದಲ ವರ್ಷ ಹತ್ತು ಗುಂಟೆಗೆ ಒಂದೇ ದಿನ ಕೊತ್ತಂಬರಿ ಬಿತ್ತಿದೆ. ಬೆಳೆ ಚೆನ್ನಾಗಿಯೇ ಬಂತು. ಆದರೆ ಅದೇ ಮಳೆಗೆ ಸುತ್ತಲಿನ ಊರವರೆಲ್ಲ ಬಿತ್ತಿದ್ದರು. ಕೀಳುವ ಆಳಿನ ಕೂಲಿಯೂ ಹುಟ್ಟಲಿಲ್ಲ. ಕಡೆಗೆ ಅರ್ಧಕ್ಕರ್ಧ ಹೊಲದಲ್ಲೇ ಬಿಟ್ಟು ರಂಟೆ ಹೊಡೆಸಿದೆ. ನನಗೆ ಕೊತ್ತಂಬರಿ ಬೆಳೆಯಲು ಬರುತ್ತಿತ್ತು, ವಾರ ನೋಡಿ ಬಿತ್ತಲು ಬರುತ್ತಿರಲಿಲ್ಲ.

ಹತ್ತಿ ಹಾಕುವವರು ವರ್ಷಕ್ಕೊಮ್ಮೆ ಬಿತ್ತುತ್ತಾರೆ, ವರ್ಷಕ್ಕೊಮ್ಮೆ ಮಾರುತ್ತಾರೆ. ಎಲ್ಲಿ ತಪ್ಪಿತು ಎಂದು ಗೊತ್ತಾಗುವುದೂ ವರ್ಷಕ್ಕೊಮ್ಮೆ. ಸೊಪ್ಪು ತರಕಾರಿಯಲ್ಲಿ ಹಾಗಲ್ಲ. ವಾರಕ್ಕೊಂದು ಮಡಿ ಬಿತ್ತಿದರೆ ಒಂದು ವರ್ಷದಲ್ಲಿ ಐವತ್ತು ಸಲ ಬಿತ್ತಿ, ಐವತ್ತು ಸಲ ಕಿತ್ತು, ಐವತ್ತು ಸಲ ಮಾರಿರುತ್ತೀರಿ. ಯಾವ ತರಬೇತಿಯಲ್ಲೂ ಅಷ್ಟು ಕಲಿಯಲು ಸಿಗುವುದಿಲ್ಲ. ತಪ್ಪಿದರೂ ಹೋಗುವುದು ಒಂದು ಮಡಿ. ಹಾಗೆ ಕಲಿಯುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬಿತ್ತುವ ಮುಂಚೆ ನಾಲ್ಕು ವಾರ ಸಂತೆ ನೋಡಿ

ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಊರಿಗೆ ಹತ್ತಿರದ ಸಂತೆಗೆ ನಾಲ್ಕು ವಾರ ಬಿಡದೆ ಹೋಗಿ. ಬೆಳಗ್ಗೆ ಏಳಕ್ಕೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಸುತ್ತು ಹಾಕಿ. ಮೆಂತ್ಯ, ಕೊತ್ತಂಬರಿ, ಪಾಲಕ್, ಸಬ್ಬಸಗಿ, ರಾಜಗಿರಿ, ಪುಂಡಿ, ಮೂಲಂಗಿ, ಬೆಂಡೆ, ಚವಳಿ, ಬದನೆ, ಹೀರೆ ಇವುಗಳ ದರ ಬರೆದುಕೊಳ್ಳಿ. ಯಾವುದು ಬೆಳಗ್ಗೆ ಹತ್ತರೊಳಗೆ ಖಾಲಿಯಾಗುತ್ತದೆ, ಯಾವುದು ಸಂಜೆವರೆಗೆ ಬಾಡಿಕೊಂಡು ಕೂತಿರುತ್ತದೆ ಎಂದೂ ಬರೆಯಿರಿ. ದರಕ್ಕಿಂತ ಈ ಎರಡನೇ ಲೆಕ್ಕವೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೂ ಒಂದು ದಿನ ನಸುಕಿನಲ್ಲಿ ಹೋಗಿ ನಿಂತು ನೋಡಿ. ಹರಾಜಿನ ಸವಾಲು ಹೇಗೆ ಕೂಗುತ್ತಾರೆ, ಯಾವ ಮಾಲಿಗೆ ಕೈ ಮೇಲೇಳುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆದರೆ ಎರಡು ಗುಂಟೆಯ ಮಾಲು ಅಲ್ಲಿಗೆ ಒಯ್ಯಬೇಡಿ. ಗಾಡಿ ಬಾಡಿಗೆ, ಹಮಾಲಿ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಚಿಕ್ಕ ಬೆಳೆಗಾರನಿಗೆ ಸಂತೆ, ಓಣಿ, ಗೊತ್ತಿರುವ ಮನೆಗಳು, ಒಂದೆರಡು ಖಾನಾವಳಿ ಸಾಕು. ರೊಟ್ಟಿ ಊಟದ ಜೊತೆ ಹಸಿ ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಇಡುವ ಖಾನಾವಳಿಗಳು ನಮ್ಮ ಕಡೆ ಎಲ್ಲ ಊರಲ್ಲೂ ಇವೆ. ಅವರಿಗೆ ದಿನವೂ ಎಳೆಯ ಸೊಪ್ಪು ಬೇಕು.

ಎರಡನೇ ಹೆಜ್ಜೆ: ಕಲಿಸುವವರನ್ನು ಹುಡುಕಿ

ನಮ್ಮ ಭಾಗಕ್ಕೆ ಈ ವಿಷಯದಲ್ಲಿ ಕೊರತೆ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೆ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೃಷಿ ಮೇಳ ನಡೆಯುತ್ತದೆ. ಮೇಳಕ್ಕೆ ಹೋದರೆ ಮಳಿಗೆಗಳಿಗಿಂತ ಮೊದಲು ಬೆಳೆ ಪ್ರಾತ್ಯಕ್ಷಿಕೆಯ ತಾಕುಗಳನ್ನು ನೋಡಿ. ಕೃಷಿ ವಿಜ್ಞಾನ ಕೇಂದ್ರಗಳು ಮೂರೂ ಜಿಲ್ಲೆಯಲ್ಲಿವೆ: ಧಾರವಾಡದವರಿಗೆ ಸೈದಾಪುರ ಫಾರ್ಮ್‌ನಲ್ಲಿ, ಗದಗಿನವರಿಗೆ ಹುಲಕೋಟಿಯಲ್ಲಿ, ಹಾವೇರಿಯವರಿಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ. ಸಸಿ ಮಡಿ, ಎರೆಹುಳು ಗೊಬ್ಬರ, ಕೀಟ ನಿರ್ವಹಣೆ ಎಂದು ಒಂದು ದಿನದ, ಮೂರು ದಿನದ ತರಬೇತಿಗಳು ನಡೆಯುತ್ತಿರುತ್ತವೆ. ಹೋಗಿ ಹೆಸರು, ಮೊಬೈಲ್ ನಂಬರ್ ಬರೆಸಿ ಬನ್ನಿ. ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಸ್ವಂತ ಉದ್ಯೋಗದ ತರಬೇತಿಗಳು ಊಟ, ವಸತಿ ಸಹಿತ ಉಚಿತ. ಅಲ್ಲಿ ಲೆಕ್ಕ ಇಡುವುದು, ಗಿರಾಕಿಯ ಹತ್ತಿರ ಮಾತಾಡುವುದು, ಬ್ಯಾಂಕಿನ ಕಾಗದಪತ್ರ ಇವನ್ನೂ ಕಲಿಸುತ್ತಾರೆ.

ತರಬೇತಿಗೆ ಹೋಗುವಾಗ ಸುಮ್ನೆ ಕೂತು ಕೇಳಿ ಬರಬೇಡಿ. ನಿಮ್ಮ ಹೊಲದ ಒಂದು ತೊಂದರೆ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮುದುಡಿದ ಮೆಣಸಿನ ಎಲೆಯನ್ನೋ, ತೂತು ಬಿದ್ದ ಬದನೆಯನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಒಯ್ದು ತೋರಿಸಿ. ಆಗ ಉತ್ತರ ನಿಮ್ಮ ಹೊಲಕ್ಕೇ ಸಿಗುತ್ತದೆ. ಮನೆಯಿಂದಲೇ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರ್ ಇದೆ, ನಂಬರು 1800-180-1551. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ಇಷ್ಟಾದ ಮೇಲೂ ಒಬ್ಬ ಗುರು ಬೇಕು. ವರ್ಷಾನುಗಟ್ಟಲೆ ಸೊಪ್ಪು ಬೆಳೆದು ಮಾರುತ್ತಿರುವವರನ್ನು ಹುಡುಕಿ, ವಾರಕ್ಕೆ ಎರಡು ಮುಂಜಾನೆ ಅವರ ಹೊಲದಲ್ಲಿ ಕೆಲಸ ಮಾಡಿ. ಕೂಲಿ ಕೊಟ್ಟರೆ ತಗೊಳ್ಳಿ, ಕೊಡದಿದ್ದರೂ ಹೋಗಿ. ನಾನು ಕಲಿತದ್ದು ಪಕ್ಕದ ಊರಿನ ಒಬ್ಬ ಹಿರಿಯ ಹೆಣ್ಣುಮಗಳ ಹತ್ತಿರ. ನಾನು ಅವರನ್ನು ಅಕ್ಕಾ ಎನ್ನುತ್ತೇನೆ. ಮೊದಲ ದಿನ ಮಳೆ ನಿಂತ ಕೂಡಲೇ ಮಡಿಯೊಳಗೆ ಕಾಲಿಟ್ಟು ಕಸ ತೆಗೆಯಲು ಹೋದೆ. ಅಲ್ಲಿಂದಲೇ ಕೂಗಿದರು. "ತಮ್ಮಾ, ಹಸಿ ಮಣ್ಣಾಗ ಕಾಲ್ ಇಡಬ್ಯಾಡ. ನೀ ತುಳದ ಜಾಗದಾಗ ಇನ್ನೊಂದ್ ತಿಂಗಳ ಬೇರ ಇಳಿಯಂಗಿಲ್ಲ." ಆಮೇಲೆ ಕರೆದುಕೊಂಡು ಹೋಗಿ, ಹಿಂದೆ ಯಾರೋ ತುಳಿದ ಜಾಗದ ಮೆಂತ್ಯವನ್ನೂ ಪಕ್ಕದ ಮೆಂತ್ಯವನ್ನೂ ಕಿತ್ತು ಬೇರು ತೋರಿಸಿದರು. ತುಳಿದ ಜಾಗದ ಬೇರು ಎರಡು ಬೆರಳು ಇಳಿದು ಪಕ್ಕಕ್ಕೆ ತಿರುಗಿತ್ತು. ಪಕ್ಕದ್ದು ನೆಟ್ಟಗೆ ಗೇಣುದ್ದ ಇಳಿದಿತ್ತು. ಅವತ್ತಿನಿಂದ ನಾನು ಮಡಿಯ ಮೇಲೆ ಕಾಲಿಟ್ಟಿಲ್ಲ.

ಅಂಥವರ ಹತ್ತಿರ "ಯಾವ ಬೆಳೆಗೆ ಲಾಭ ಜಾಸ್ತಿ" ಎಂದು ಕೇಳಬೇಡಿ. "ಈ ಮಡಿ ಯಾವಾಗ ಬಿತ್ತಿದ್ರಿ, ಯಾಕೆ ಅವತ್ತೇ ಬಿತ್ತಿದ್ರಿ" ಎಂದು ಕೇಳಿ.

ಮೂರನೇ ಹೆಜ್ಜೆ: ಜಾಗ ಅಳೆದು ಮಡಿ ಮಾಡಿ

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಎರಡು ಗುಂಟೆ 33 ಅಡಿ ಅಗಲ, 66 ಅಡಿ ಉದ್ದ. ಇದರಲ್ಲಿ ಒಂದು ಬದಿಗೆ ಮೂರು ಅಡಿ ಓಡಾಡಲು ಬಿಡಿ. ಉಳಿದದ್ದರಲ್ಲಿ 30 ಅಡಿ ಉದ್ದ, 4 ಅಡಿ ಅಗಲದ ಮಡಿಗಳು, ನಡುವೆ ಒಂದೂವರೆ ಅಡಿ ಕಾಲುದಾರಿ. ಲೆಕ್ಕ ಹಾಕಿದರೆ ಸರಿಯಾಗಿ ಹನ್ನೆರಡು ಮಡಿ ಕೂಡುತ್ತವೆ. ನಾಲ್ಕು ಅಡಿ ಯಾಕೆಂದರೆ ಎರಡೂ ಬದಿಗೆ ಕೂತು ಕೈ ಚಾಚಿದರೆ ನಡುಮಧ್ಯ ಸಿಗಬೇಕು. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರ ಕೈ ಚಿಕ್ಕದಿದ್ದರೆ ಮೂರೂವರೆ ಅಡಿ ಮಾಡಿ.

ಮಡಿ ಮಾಡುವ ಮುಂಚೆ ಮಣ್ಣು ಪರೀಕ್ಷೆಗೆ ಕೊಡಿ. ಎಂಟು ಹತ್ತು ಜಾಗದಲ್ಲಿ ಮೇಲಿನ ಕಸ ಸರಿಸಿ, ವಿ ಆಕಾರದಲ್ಲಿ ಆರು ಇಂಚು ಆಳದ ಗುಂಡಿ ತೋಡಿ, ಅದರ ಬದಿಯಿಂದ ಒಂದೇ ದಪ್ಪದ ಮಣ್ಣು ಕೆರೆದು ತೆಗೆಯಿರಿ. ಒಡ್ಡಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ, ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ.

ಈಗ ಎರೆ ಮಣ್ಣಿನ ಮಾತು. ನವಲಗುಂದ, ಕುಂದಗೋಳ, ರೋಣ, ನರಗುಂದದ ಕಡೆಯವರಿಗೆ ಇದು ಮುಖ್ಯ. ಎರೆ ಹಸಿ ಇದ್ದಾಗ ಅಂಟು, ಒಣಗಿದಾಗ ಕಲ್ಲು. ನಡುವೆ ಎರಡು ಮೂರು ದಿನ ಮಾತ್ರ ಹದ ಇರುತ್ತದೆ. ಅದನ್ನು ಹಿಡಿಯುವುದು ಹೀಗೆ: ನಾಲ್ಕು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಉಂಡೆ ಪುಡಿಪುಡಿಯಾಗಿ ಒಡೆದರೆ ಕೆಲಸಕ್ಕೆ ಇಳಿಯಬಹುದು. ಬೆರಳಿಗೆ ಅಂಟಿ, ಒತ್ತಿದ ಜಾಗ ಮಿರಮಿರ ಮಿಂಚಿದರೆ ಇನ್ನೂ ಒಂದು ದಿನ ಕಾಯಿರಿ. ಉಂಡೆಯೇ ಆಗದಿದ್ದರೆ ಹದ ಹೋಗಿದೆ, ನೀರು ಕೊಟ್ಟು ಮತ್ತೆ ಕಾಯಬೇಕು. ಹಸಿ ಎರೆಯಲ್ಲಿ ಸಲಿಕೆ ಹಾಕಿದರೆ ಎದ್ದ ಹೆಂಟೆಗಳು ಆ ಹಂಗಾಮು ಪೂರ್ತಿ ಕಾಡುತ್ತವೆ.

ಮಳೆಗಾಲದಲ್ಲಿ ಎರೆ ಮಣ್ಣಿನ ಮಡಿ ಆರರಿಂದ ಒಂಬತ್ತು ಇಂಚು ಎತ್ತರ ಇರಲಿ, ಕಾಲುದಾರಿಯಿಂದ ನೀರು ಹೊರಗೆ ಹರಿಯಲಿ. ಕೆಂಪು ಮಸಾರಿ ಹೊಲದವರು, ಅದರಲ್ಲೂ ಮಳೆ ಕಡಿಮೆ ಇರುವ ಗದಗ, ಮುಂಡರಗಿ ಕಡೆಯವರು ಬೇಸಿಗೆಯಲ್ಲಿ ಇದನ್ನು ಉಲ್ಟಾ ಮಾಡಬೇಕು. ಮಡಿ ದಾರಿಗಿಂತ ಎರಡು ಇಂಚು ತಗ್ಗಿರಲಿ, ನೀರು ಅಲ್ಲೇ ನಿಲ್ಲುತ್ತದೆ.

ಗೊಬ್ಬರ ಗುಂಟೆಗೆ 250 ಕೆಜಿಯಂತೆ, ಎರಡು ಗುಂಟೆಗೆ 500 ಕೆಜಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೇಕು. ಹತ್ತಿರ ಹತ್ತಿರ ಒಂದು ಚಕ್ಕಡಿ. ಕೈಗೆ ತಗೊಂಡರೆ ಬಿಸಿ ಇರಬಾರದು, ಸೆಗಣಿ ವಾಸನೆ ಇರಬಾರದು. ಹಸಿ ಗೊಬ್ಬರ ಹಾಕಿದರೆ ಕಸವೂ ಜಾಸ್ತಿ, ಬೇರು ತಿನ್ನುವ ಹುಳವೂ ಜಾಸ್ತಿ. ನೂರು ಕೆಜಿ ಗೊಬ್ಬರಕ್ಕೆ ಒಂದು ಕೆಜಿ ಟ್ರೈಕೊಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಕಲಸಿ, ನೆರಳಲ್ಲಿ ಹಸಿ ಗೋಣಿ ಹೊದಿಸಿ ಎರಡು ವಾರ ಇಟ್ಟು ಆಮೇಲೆ ಹಾಕಿದರೆ ಬುಡ ಕೊಳೆಯುವ ರೋಗ ಕಡಿಮೆಯಾಗುತ್ತದೆ.

ಜೀವಾಮೃತ ಎಕರೆಗೆ 200 ಲೀಟರ್ ಲೆಕ್ಕ. ನಿಮಗೆ ಬೇಕಾಗುವುದು ಹತ್ತೇ ಲೀಟರ್. ಒಂದು ಬಕೆಟ್‌ನಲ್ಲಿ ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ನಾಟಿ ಆಕಳ ಸೆಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಒಡ್ಡಿನ ಮಣ್ಣು ಹಾಕಿ. ಎರಡು ದಿನ ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುವಿ. ಮಣ್ಣಿನಲ್ಲಿ ಹಸಿ ಇದ್ದಾಗ ಮಾತ್ರ ಹಾಕಿ. ಇದು ಗೊಬ್ಬರದ ಬದಲಿಗೆ ಅಲ್ಲ. ತಿಪ್ಪೆ ಗೊಬ್ಬರ ಬಿಟ್ಟು ಬರೀ ಜೀವಾಮೃತ ನಂಬಿದವರ ಪಾಲಕ್ ಹಳದಿಯಾದದ್ದನ್ನು ನೋಡಿದ್ದೇನೆ.

ನಾಲ್ಕನೇ ಹೆಜ್ಜೆ: ಬೀಜ ಎಣಿಸಿ ನೋಡಿ

ಒಂದು ಸಲ ಅಂಗಡಿಯಿಂದ ತಂದ ಕೊತ್ತಂಬರಿ ಬೀಜ ಹಾಗೇ ಬಿತ್ತಿದೆ. ಹದಿನೈದು ದಿನ ನೀರು ಹಾಕಿದೆ. ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ. ಉಳಿದ ಬೀಜವನ್ನು ಮನೆಯಲ್ಲಿ ನೂರು ಎಣಿಸಿ ಹಸಿ ಬಟ್ಟೆಯಲ್ಲಿಟ್ಟರೆ ಮೊಳೆತದ್ದು ಮೂವತ್ತೊಂದು. ಈ ಕೆಲಸ ಬಿತ್ತುವ ಮುಂಚೆಯೇ ಮಾಡಬೇಕಿತ್ತು. ಈಗ ಯಾವ ಪೊಟ್ಟಣ ತಂದರೂ ಮೊದಲು ನೂರು ಬೀಜ ಎಣಿಸಿ, ಹಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ತಟ್ಟೆ ಮುಚ್ಚಿ ಇಡುತ್ತೇನೆ. ಮೆಂತ್ಯ ಮೂರು ನಾಲ್ಕು ದಿನಕ್ಕೆ ಲೆಕ್ಕ ಹೇಳಿಬಿಡುತ್ತದೆ. ಬದನೆ, ಮೆಣಸಿನಕಾಯಿಗೆ ಹತ್ತು ಹನ್ನೆರಡು ದಿನ ಬಿಡಿ. ಕೊತ್ತಂಬರಿಗೂ ಅಷ್ಟೇ. ಎಂಬತ್ತರ ಮೇಲೆ ಮೊಳೆತರೆ ಒಳ್ಳೆಯದು. ಅರವತ್ತಿದ್ದರೆ ದಟ್ಟವಾಗಿ ಬಿತ್ತಿ. ಐವತ್ತಕ್ಕಿಂತ ಕೆಳಗಿದ್ದರೆ ಬಿತ್ತಲೇಬೇಡಿ. ಪೊಟ್ಟಣ, ಬಿಲ್ಲು, ಒಂದು ಚಿಟಿಕೆ ಬೀಜ ಜೋಪಾನವಾಗಿಡಿ. ಲಾಟ್ ನಂಬರ್ ಇದ್ದರೆ ಮಾತ್ರ ದೂರು ಕೊಡಲು ಬರುತ್ತದೆ.

ಕೊತ್ತಂಬರಿ ಬೀಜವನ್ನು ಚಪ್ಪಲಿಯ ಅಡಿಯಿಂದಲೋ ಹಲಗೆಯಿಂದಲೋ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ರಾತ್ರಿ ನೆನೆಹಾಕಿ. ಮೆಂತ್ಯವನ್ನೂ ರಾತ್ರಿ ನೆನೆಸಿ, ಬೆಳಗ್ಗೆ ನೆರಳಲ್ಲಿ ಆರಿಸಿ ಬಿತ್ತಿ.

ತಳಿಗಳಲ್ಲಿ ಮೊದಲ ವರ್ಷ ಹೈಬ್ರಿಡ್ ಬೆನ್ನು ಹತ್ತಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬೀಜ ಆನ್‌ಲೈನ್‌ನಲ್ಲಿ ತರಿಸಬಹುದು. ಬೆಂಡೆಗೆ ಅರ್ಕಾ ಅನಾಮಿಕಾ, ಮತ್ತೆ ಮತ್ತೆ ಕೊಯ್ಯುವ ರಾಜಗಿರಿಗೆ ಅರ್ಕಾ ಸುಗುಣ ಒಳ್ಳೆಯವು. ಇವುಗಳ ಬೀಜ ನೀವೇ ಹಿಡಿದಿಡಬಹುದು. ಬದನೆಗೆ ಮಾತ್ರ ನಿಮ್ಮ ಸಂತೆಯಲ್ಲಿ ಎಣ್ಣೆಗಾಯಿಗೆ ಜನ ಯಾವುದನ್ನು ಆರಿಸುತ್ತಾರೋ ಆ ಊರ ತಳಿಯನ್ನೇ ಹಾಕಿ. ಬಣ್ಣ, ಮುಳ್ಳು, ಗಾತ್ರ ಊರಿಂದೂರಿಗೆ ಬೇರೆ. ನಮ್ಮ ಕಡೆ ಬದನೆ ವಿಷಯದಲ್ಲಿ ಗಿರಾಕಿ ರಾಜಿ ಆಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ರಾಣೆಬೆನ್ನೂರು ಸುತ್ತಲಿನ ಊರುಗಳಲ್ಲಿ ತರಕಾರಿಯ ಹೈಬ್ರಿಡ್ ಬೀಜ ತಯಾರಾಗುತ್ತದೆ. ಟೊಮೆಟೊ, ಮೆಣಸಿನ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೈಯಿಂದಲೇ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳು ಅಲ್ಲಿ ಇದ್ದಾರೆ. ನೆಂಟರ ಮನೆ ಆ ಕಡೆ ಇದ್ದರೆ ಒಂದು ದಿನ ಹೋಗಿ ನೋಡಿ. ಹೂವು ಅರಳುವ ಹೊತ್ತು, ಕಾಯಿ ಕಚ್ಚುವ ರೀತಿ ಅವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ.

ಐದನೇ ಹೆಜ್ಜೆ: ವಾರಕ್ಕೊಂದು ಮಡಿ

ಹನ್ನೆರಡರಲ್ಲಿ ಆರು ಮಡಿ ಸೊಪ್ಪಿಗೆ. ವಾರಕ್ಕೊಂದು ಮಡಿ ಬಿತ್ತಿ. ಮೆಂತ್ಯ 25ರಿಂದ 30 ದಿನಕ್ಕೆ, ಪಾಲಕ್ ಮೊದಲ ಕೊಯ್ಲಿಗೆ 30 ದಿನಕ್ಕೆ, ಕೊತ್ತಂಬರಿ 35ರಿಂದ 45 ದಿನಕ್ಕೆ, ಮೂಲಂಗಿ 40ರಿಂದ 45 ದಿನಕ್ಕೆ ಬರುತ್ತವೆ. ಆರನೇ ಮಡಿ ಬಿತ್ತುವ ಹೊತ್ತಿಗೆ ಮೊದಲ ಮಡಿ ಕೀಳಲು ಬಂದಿರುತ್ತದೆ. ಏಳನೇ ವಾರ ಅದನ್ನೇ ಮತ್ತೆ ಬಿತ್ತಿ. ಹೀಗೆ ಚಕ್ರ ತಿರುಗುತ್ತಲೇ ಇರುತ್ತದೆ. ಒಂದು ಮಡಿಯಲ್ಲಿ ಒಂದೇ ಸೊಪ್ಪು ಹಾಕಬೇಕೆಂದಿಲ್ಲ. ನಾನು ಅರ್ಧ ಮೆಂತ್ಯ, ಕಾಲು ಕೊತ್ತಂಬರಿ, ಕಾಲು ಸಬ್ಬಸಗಿಯೋ ಮೂಲಂಗಿಯೋ ಹಾಕುತ್ತೇನೆ. ಸಂತೆಗೆ ಹೋದಾಗ ಬುಟ್ಟಿಯಲ್ಲಿ ನಾಲ್ಕು ಥರ ಇದ್ದರೆ ಒಬ್ಬ ಗಿರಾಕಿ ಎರಡು ಕಟ್ಟು ಒಯ್ಯುತ್ತಾನೆ.

ಬಿತ್ತುವ ದಿನ ಒಂದೇ ಇರಲಿ. ನನ್ನದು ಗುರುವಾರ. ಮಳೆ ಬರಲಿ, ನೆಂಟರು ಬರಲಿ, ಗುರುವಾರ ಒಂದು ಮಡಿ. ಮಳೆ ಹಿಡಿದು ಕೂತರೆ ಮಾತ್ರ ಹದಕ್ಕೆ ಕಾಯುತ್ತೇನೆ. ಮೊದಲ ಎರಡು ತಿಂಗಳು ಇದು ಸುಲಭ. ಮೂರನೇ ತಿಂಗಳು ದರ ಬಿದ್ದಾಗ "ಈ ವಾರ ಬಿಟ್ಟುಬಿಡೋಣ" ಎನಿಸುತ್ತದೆ. ಆ ವಾರ ಬಿಟ್ಟವರ ಬುಟ್ಟಿ ಐದು ವಾರ ಆದ ಮೇಲೆ ಖಾಲಿ. ಅಷ್ಟೊತ್ತಿಗೆ ಎಲ್ಲರೂ ಬಿಟ್ಟಿರುವುದರಿಂದ ದರ ಏರಿರುತ್ತದೆ.

ನಾಲ್ಕು ಮಡಿ ನಿಧಾನದ ಬೆಳೆಗೆ: ಬದನೆ, ಬೆಂಡೆ, ಚವಳಿ, ಮತ್ತೊಂದರಲ್ಲಿ ಟೊಮೆಟೊ ಅಥವಾ ಹಸಿಮೆಣಸಿನಕಾಯಿ. ಬೆಂಡೆ, ಚವಳಿ 45ರಿಂದ 50 ದಿನಕ್ಕೆ ಶುರುವಾಗುತ್ತವೆ. ಬದನೆಗೆ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಸಂಕ್ರಾಂತಿಗೆ ರೊಟ್ಟಿ ಜೊತೆ ಬದನೆ ಪಲ್ಯ ಮಾಡದ ಮನೆ ನಮ್ಮಲ್ಲಿಲ್ಲ. ಸಸಿ ಮಡಿಯಲ್ಲಿ 35 ದಿನ, ನಾಟಿ ಮಾಡಿ ಮೊದಲ ಕಾಯಿಗೆ 65 ದಿನ, ಒಟ್ಟು ನೂರು ದಿನ. ಸೆಪ್ಟೆಂಬರ್ 15ಕ್ಕೆ ಬೀಜ ಚೆಲ್ಲಿದರೆ ಡಿಸೆಂಬರ್ 24ರ ಸುಮಾರಿಗೆ ಮೊದಲ ಕಾಯಿ, ಸಂಕ್ರಾಂತಿ ಹೊತ್ತಿಗೆ ಗಿಡ ತುಂಬ ಕಾಯಿ.

ಉಳಿದ ಎರಡರಲ್ಲಿ ಒಂದು ಮಡಿಗೆ ಚೆಂಡು ಹೂ ಮತ್ತು ಬೀಜಕ್ಕೆ ಬಿಡುವ ಗಿಡಗಳು. ಇನ್ನೊಂದಕ್ಕೆ ವಿಶ್ರಾಂತಿ: ಹಸಿರೆಲೆ ಗೊಬ್ಬರಕ್ಕೆ ಸೆಣಬು ಅಥವಾ ಡಯಂಚ ದಟ್ಟವಾಗಿ ಬಿತ್ತಿ, ಹೂ ಬಿಡುವ ಹೊತ್ತಿಗೆ, ಅಂದರೆ 45 ದಿನಕ್ಕೆ, ಕತ್ತರಿಸಿ ಮಣ್ಣಿಗೆ ಸೇರಿಸಿ. ಈ ವಿಶ್ರಾಂತಿ ಮಡಿ ಸರದಿಯ ಮೇಲೆ ಬದಲಾಗುತ್ತಿರಲಿ. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಲ. ಒಂದು ಕಿತ್ತ ಜಾಗದಲ್ಲಿ ಇನ್ನೊಂದು ಬೇಡ, ಸೊರಗು ರೋಗ ಮಣ್ಣಿನಲ್ಲೇ ಉಳಿದಿರುತ್ತದೆ.

ಆರನೇ ಹೆಜ್ಜೆ: ನೀರು

ಕಡು ಬೇಸಿಗೆಯಲ್ಲಿ ಎರಡು ಗುಂಟೆಗೆ ದಿನಕ್ಕೆ 700ರಿಂದ 1000 ಲೀಟರ್ ಬೇಕು. ಅಷ್ಟು ಇಲ್ಲದಿದ್ದರೆ ಬೇಸಿಗೆಯಲ್ಲಿ ಆರು ಮಡಿ ಮಾತ್ರ ನಡೆಸಿ, ಉಳಿದದ್ದಕ್ಕೆ ಜೋಳದ ಕಣಿಕೆ, ಒಣಹುಲ್ಲು ಹೊದಿಸಿ. ಹನಿ ನೀರಾವರಿಗೆ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ಸಿಗುತ್ತದೆ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮೊದಲೇ ಮಾಡಿಸಿಕೊಂಡಿರಿ. ಎರೆ ಮಣ್ಣಿನಲ್ಲಿ ನೀರು ಪಕ್ಕಕ್ಕೆ ಹರಡುತ್ತದೆ, ಹನಿಯ ತೂತುಗಳು ದೂರ ಇದ್ದರೂ ನಡೆಯುತ್ತದೆ. ಮಸಾರಿಯಲ್ಲಿ ನೀರು ನೆಟ್ಟಗೆ ಇಳಿಯುವುದರಿಂದ ಹತ್ತಿರ ಹತ್ತಿರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊತ್ತಂಬರಿ ಬೆಳೆಯುವವರು ಕಡಿಮೆ, ಆಗ 50 ಪರ್ಸೆಂಟ್ ನೆರಳು ಪರದೆ ಕೆಳಗೆ ಒಂದು ಮಡಿ ಬಂದರೂ ಒಳ್ಳೆಯ ದುಡ್ಡು.

ಏಳನೇ ಹೆಜ್ಜೆ: ಹುಳ ಬರುವ ಮುಂಚೆ ಬೇವಿನ ಬೀಜ

ನಮ್ಮ ಕಡೆ ಮಳೆಗಾಲ ಶುರುವಾಗುವ ಹೊತ್ತಿಗೆ ಬೇವಿನ ಹಣ್ಣು ಉದುರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆರಿಸಿ, ತಿರುಳು ತೊಳೆದು ನೆರಳಲ್ಲಿ ಒಣಗಿಸಿ ಇಡಿ. ವರ್ಷಕ್ಕೆ ಐದಾರು ಕೆಜಿ ಸಾಕು. ಬಳಸುವಾಗ ಸಿಪ್ಪೆ ತೆಗೆದ ಅರ್ಧ ಕೆಜಿ ಬೇವಿನ ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿ ನೀರಲ್ಲಿ ನೆನೆಸಿ. ಬೆಳಗ್ಗೆ ಚೆನ್ನಾಗಿ ಹಿಂಡಿ ಸೋಸಿ ಹತ್ತು ಲೀಟರ್ ಮಾಡಿ, ಸ್ವಲ್ಪ ಸೋಪಿನ ನೀರು ಸೇರಿಸಿ. ಬಿಸಿಲು ಇಳಿದ ಮೇಲೆ ಎಲೆಯ ಕೆಳಭಾಗಕ್ಕೆ ಬೀಳುವ ಹಾಗೆ ಹೊಡೆಯಿರಿ. ಮಾಡಿದ ದಿನವೇ ಖಾಲಿ ಮಾಡಿ. ಸೊಪ್ಪಿಗೆ ಹೊಡೆದರೆ ಕೀಳುವ ಮುಂಚೆ ಒಂದು ವಾರವಾದರೂ ಬಿಡಿ, ಕಹಿ ಉಳಿದುಬಿಡುತ್ತದೆ.

ಬದನೆಯ ಕುಡಿ ಬಾಗಿ ಬಾಡಿದ್ದು ಕಂಡರೆ ಒಳಗೆ ಕೊರಕ ಹುಳ ಇದೆ ಎಂದರ್ಥ. ಬಾಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಚಿವುಟಿ. ಚಿವುಟಿದ್ದನ್ನು ಹೊಲದಲ್ಲಿ ಬಿಸಾಡಬೇಡಿ, ಸುಟ್ಟುಬಿಡಿ. ವಾರಕ್ಕೆರಡು ಸಲ ಇದನ್ನು ಮಾಡುವವರ ಹೊಲದಲ್ಲಿ ತೂತು ಬಿದ್ದ ಕಾಯಿ ಬಹಳ ಕಡಿಮೆ. ಇದರ ಜೊತೆಗೆ ಗಂಡು ಪತಂಗವನ್ನು ಸೆಳೆದು ಹಿಡಿಯುವ ಒಂದು ಮೋಹಕ ಬಲೆ ಇಡಿ. ಬೆಂಡೆಯ ಹಳದಿ ರೋಗ ಹರಡುವುದು ಬಿಳಿ ನೊಣದಿಂದ. ಹಳದಿ ಅಂಟು ಹಾಳೆ ಕಟ್ಟಿ, ರೋಗ ಬಂದ ಗಿಡವನ್ನು ಮೊದಲ ದಿನವೇ ಕಿತ್ತುಹಾಕಿ. ಮೆಣಸಿನ ಎಲೆ ಮುದುಡುವ ಮುಟುರು ರೋಗಕ್ಕೆ ಥ್ರಿಪ್ಸ್ ಮತ್ತು ಮೈಟ್ ನುಸಿಗಳು ಕಾರಣ, ಬಿಸಿಲು ಹೆಚ್ಚಿ ಮಣ್ಣು ಒಣಗಿದಾಗ ಥ್ರಿಪ್ಸ್ ಜಾಸ್ತಿ. ಟೊಮೆಟೊ ಹಾಕುವುದಾದರೆ ಚೆಂಡು ಹೂವಿನ ಸಸಿ ಅದಕ್ಕಿಂತ ಇಪ್ಪತ್ತು ದಿನ ದೊಡ್ಡದಿರಲಿ. ಹೆಸರಘಟ್ಟದವರು ಹೇಳುವುದು ಟೊಮೆಟೊದ 16 ಸಾಲಿಗೆ ಒಂದು ಸಾಲು ಚೆಂಡು ಹೂ. ಎರಡೂ ಒಟ್ಟಿಗೆ ಹೂ ಬಿಟ್ಟರೆ ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಚಿಕ್ಕ ಮಡಿಯಲ್ಲಿ ಎರಡೂ ತುದಿಗೆ ಹಚ್ಚಿದರೆ ಸಾಕು. ಮಿಕ್ಕ ಹೂವು ದಸರಾ, ದೀಪಾವಳಿಗೆ ಮಾರಾಟಕ್ಕೂ ಬರುತ್ತದೆ.

ಎಂಟನೇ ಹೆಜ್ಜೆ: ಕೀಳುವುದು, ಸಿವುಡು ಕಟ್ಟುವುದು, ಮಾರುವುದು

ಹಿಂದಿನ ಸಂಜೆ ಮಡಿಗೆ ನೀರು ಕೊಡಿ. ಬೆಳಗ್ಗೆ ಐದೂವರೆಗೆ, ಇಬ್ಬನಿ ಇರುವಾಗಲೇ ಮೆಂತ್ಯ ಬೇರು ಸಹಿತ ಎಳೆಯಿರಿ. ಹಸಿ ಮಣ್ಣಿನಿಂದ ಬೇರು ಮುರಿಯದೆ ಬರುತ್ತದೆ. ಮಣ್ಣು ಅಂಗೈಗೆ ಬಡಿದು ಉದುರಿಸಿ. ಬೇರನ್ನು ಮಾತ್ರ ನೀರಲ್ಲಿ ಅದ್ದಿ, ಎಲೆ ಮುಳುಗಿಸಬೇಡಿ, ಮಧ್ಯಾಹ್ನದೊಳಗೆ ಕೊಳೆಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಉಂಗುರ ಮಾಡಿ. ಆ ಉಂಗುರ ತುಂಬುವಷ್ಟು ಒಂದು ಸಿವುಡು. ಎಲ್ಲ ಸಿವುಡೂ ಒಬ್ಬರ ಕೈಯಿಂದಲೇ ಆಗಲಿ, ಆಗ ಅಳತೆ ಒಂದೇ ಇರುತ್ತದೆ. ಬುಟ್ಟಿಯ ತಳಕ್ಕೆ ಹಸಿ ಗೋಣಿ ಹಾಸಿ, ಬೇರು ಕೆಳಗೆ ಮಾಡಿ ನಿಲ್ಲಿಸಿ ಜೋಡಿಸಿ. ಅಡ್ಡ ಒಟ್ಟಿದರೆ ಕೆಳಗಿನದು ಬೇಯುತ್ತದೆ. ನನ್ನ ಪುಸ್ತಕದಲ್ಲಿ ಒಂದು ಮಡಿ ಮೆಂತ್ಯಕ್ಕೆ 60ರಿಂದ 90 ಸಿವುಡು ಬಂದಿದೆ. ಇದನ್ನು ಒಬ್ಬರೇ ಒಂದು ಮುಂಜಾನೆ ಮಾರಬಹುದು.

ಬೆಂಡೆ, ಬದನೆ ತೂಕಕ್ಕೆ ಮಾರುವವರು ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಿ. ಕ್ಯೂಆರ್ ಕೋಡ್ ಇಡಿ. ಖಾಯಂ ಮನೆಗಳನ್ನು ಹಿಡಿಯುವುದು ಸಂತೆಯಲ್ಲೇ: ಮೂರು ವಾರ ಸತತ ನಿಮ್ಮ ಹತ್ತಿರವೇ ಬಂದವರ ನಂಬರ್ ಕೇಳಿ, ಕೀಳುವ ಹಿಂದಿನ ಸಂಜೆ ವಾಟ್ಸಾಪ್‌ನಲ್ಲಿ "ನಾಳೆ ಇದು ಇದು ಇದೆ" ಎಂದು ಕಳಿಸಿ. ಇಪ್ಪತ್ತೈದು ಮನೆ ಆದರೆ ಸಂತೆಯ ದರ ಬಿದ್ದ ದಿನವೂ ಮಾಲು ವಾಪಸ್ ಬರುವುದಿಲ್ಲ. ಅವರಿಗೆ ದರ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇಡಿ. ಸಂತೆಯಲ್ಲಿ ಏರಿದಾಗ ಏರಿಸಬೇಡಿ, ಇಳಿದಾಗ ಅವರೂ ಕೇಳುವುದಿಲ್ಲ.

"ಸಾವಯವ" ಎಂಬ ಬೋರ್ಡ್ ಮೊದಲ ವರ್ಷವೇ ಹಾಕಬೇಡಿ. ಕೇಳಿದವರಿಗೆ ಏನು ಹಾಕಿದ್ದೀರಿ, ಏನು ಹಾಕಿಲ್ಲ ಎಂದು ಹೇಳಿ. ಬೇಕಿದ್ದರೆ ಹೊಲಕ್ಕೇ ಕರೆಯಿರಿ. ಸುತ್ತಲಿನ ಐದು ಜನ ರೈತರು ಸೇರಿದರೆ ಪಿಜಿಎಸ್ ಇಂಡಿಯಾ ಗುಂಪು ಮಾಡಬಹುದು. ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿ ಇದು. ಪ್ರಮಾಣಪತ್ರಕ್ಕಿಂತ ಆ ಪರಿಶೀಲನೆಯೇ ನನಗೆ ದೊಡ್ಡ ತರಬೇತಿ ಎನಿಸಿದೆ, ಯಾಕೆಂದರೆ ನಾಲ್ಕು ಜನರ ಹೊಲದ ಮಡಿಗಳ ನಡುವೆ ಓಡಾಡಿ, ಅವರು ಮಾಡಿದ್ದನ್ನು ಕೇಳುವ ಹಕ್ಕು ಅಲ್ಲಿ ಸಿಗುತ್ತದೆ.

ಒಂಬತ್ತನೇ ಹೆಜ್ಜೆ: ಪುಸ್ತಕ

ಪ್ರತಿ ಮಡಿಗೂ ಒಂದು ಪುಟ. ಬಿತ್ತಿದ ದಿನ, ಬೀಜ ಎಷ್ಟು, ಮೊಳೆತದ್ದು ಯಾವಾಗ, ಕಸ ತೆಗೆದ ದಿನ, ಕಿತ್ತ ದಿನ, ಸಿವುಡು ಎಷ್ಟು, ಮಾರಿದ ದರ, ಉಳಿದು ಬಾಡಿದ್ದು ಎಷ್ಟು. ನಿಮ್ಮ ಮತ್ತು ಮನೆಯವರ ಕೆಲಸದ ಗಂಟೆಯನ್ನೂ ಬರೆಯಿರಿ. ಊರಲ್ಲಿ ಆಳಿಗೆ ಕೊಡುವ ಕೂಲಿಯ ಲೆಕ್ಕದಲ್ಲಿ ಅದನ್ನು ಖರ್ಚಿಗೆ ಸೇರಿಸಿ. ಹೆಂಡತಿ, ತಾಯಿ ಮಾಡುವ ಕೆಲಸ ಪುಸ್ತಕಕ್ಕೆ ಬರದಿದ್ದರೆ ಲಾಭ ಸುಳ್ಳು ಲಾಭವಾಗುತ್ತದೆ. ನಾನು ಇದನ್ನು ಬರೆಯಲು ಶುರು ಮಾಡಿದ ಮೇಲೆ ಸಬ್ಬಸಗಿ ಕಡಿಮೆ ಮಾಡಿದೆ. ದರ ಚೆನ್ನಾಗಿತ್ತು, ಆದರೆ ಅದರ ಕಸ ತೆಗೆಯಲು ಅವ್ವ ಕೂತ ಗಂಟೆಗಳು ಮೆಂತ್ಯದ ಎರಡರಷ್ಟಿದ್ದವು.

ವರ್ಷ ಮುಗಿದ ಮೇಲೆ ಪುಟಗಳನ್ನು ಮುಂದೆ ಹರಡಿಕೊಂಡು ಕೂತು, ದುಡಿದ ಗಂಟೆಗೆ ಯಾವ ಮಡಿ ಎಷ್ಟು ಕೊಟ್ಟಿತು ಎಂದು ಭಾಗಿಸಿ. ಮೇಲಿನ ನಾಲ್ಕು ಬೆಳೆ ಉಳಿಸಿ, ಕೆಳಗಿನ ಎರಡು ಬಿಡಿ, ಹೊಸದೊಂದು ಸೇರಿಸಿ. ಬುಟ್ಟಿ ಹೆಚ್ಚಿನ ವಾರಗಳಲ್ಲಿ ಹನ್ನೊಂದು ಗಂಟೆಯೊಳಗೆ ಖಾಲಿಯಾಗಿದ್ದರೆ ಎರಡನೇ ವರ್ಷ ಐದು ಗುಂಟೆಗೆ ಹೋಗಿ. ಖಾಲಿಯಾಗದಿದ್ದರೆ ಇನ್ನೊಂದು ವರ್ಷ ಎರಡೇ ಗುಂಟೆ ಇರಲಿ, ಆದರೆ ಬೇರೆ ಸಂತೆ ನೋಡಿ. ಹೊಸ ಜಾಗ ಸೇರಿಸುವುದಾದರೆ ಅದಕ್ಕೆ ಮೊದಲು ಸೆಣಬು ಬಿತ್ತಿ, 45 ದಿನಕ್ಕೆ ಮಣ್ಣಿಗೆ ಸೇರಿಸಿ, ಅದು ಕಳಿಯಲು ಎರಡು ಮೂರು ವಾರ ಬಿಟ್ಟು ಆಮೇಲೆ ಮಡಿಗೆ ದಾರ ಹಿಡಿಯಿರಿ.